ಮುಂದಿನ ಚಕ್ರದ ಬೇರಿಂಗ್ ನಾನೇ ಬದಲಿಸಿದೆ

ಟಾರು ರಸ್ತೆಗೆ ಬಂದ ಕೂಡಲೇ ನಮ್ಮ ಹಳೇ ಟ್ರ್ಯಾಕ್ಟರಿನ ಎಡಗಡೆ ಮುಂದಿನ ಚಕ್ರ ಗೊರ್ರ್ ಎನ್ನುತ್ತಿತ್ತು. ನೋಡಿದವರೆಲ್ಲ "ಕಿಂಗ್ ಪಿನ್ ಹೋಗಿದೆ ಮಾರಾಯ" ಎಂದರು. ಕಿಂಗ್ ಪಿನ್ ಅಂದರೆ ಮುಂದಿನ ಚಕ್ರ ಎಡಕ್ಕೆ-ಬಲಕ್ಕೆ ಹೊರಳಲು ಆಧಾರವಾದ ಗೂಟ. ಅದು ಸವೆದರೂ ಚಕ್ರ ಅಲ್ಲಾಡುತ್ತದೆ, ಬೇರಿಂಗ್ ಸವೆದರೂ ಅಲ್ಲಾಡುತ್ತದೆ. ಸುಮ್ನೆ ಅಲ್ಲಾಡಿಸಿದರೆ ಏನೂ ಗೊತ್ತಾಗುವುದಿಲ್ಲ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ ಜಾಕಿಯಲ್ಲಿ ಎತ್ತಿ, ಅಡಿಗೆ ಮರದ ದಿಮ್ಮಿ ಇಟ್ಟೆ. ಬರೀ ಜಾಕಿ ನಂಬಿ ಕೈ ಹಾಕುವವನಲ್ಲ ನಾನು. ತಮ್ಮ ಟೈರನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದ. ನಾನು ಚಕ್ರದ ನಡುವಿನ ಗುಂಬದ, ಅಂದರೆ ಹಬ್‌ನ ಹಿಂದಿನ ಸಂದಿಗೆ ಬೆರಳಿಟ್ಟೆ. ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಅಚ್ಚು) ಚಕ್ರದ ಜೊತೆಗೇ ಅಲ್ಲಾಡಿದರೆ ಕಿಂಗ್ ಪಿನ್. ಅದು ನಿಂತಲ್ಲೇ ನಿಂತು ಹಬ್ ಮಾತ್ರ ಅಲ್ಲಾಡಿದರೆ ಬೇರಿಂಗ್. ನಮ್ಮದರಲ್ಲಿ ಸಂದಿ ತೆರೆದು ಮುಚ್ಚುತ್ತಿತ್ತು, ಅಂದರೆ ಬೇರಿಂಗೇ.

ಹಬ್‌ನ ಟೋಪಿ ತೆಗೆದರೆ ಒಳಗೆ ಹಾಲು ಹಾಕಿದ ಚಹಾದ ಬಣ್ಣದ ಗ್ರೀಸ್. ನೀರು ಸೇರಿದೆ ಅಂತ ಅಲ್ಲೇ ಗೊತ್ತಾಯಿತು. ಬನವಾಸಿ ಕಡೆ ಗದ್ದೆ ಕಲಸುವಾಗ ಹಬ್ ಕೆಸರಲ್ಲೇ ಇರುತ್ತದೆ, ಅಲ್ವಾ? ಬೇರಿಂಗುಗಳನ್ನು ಡೀಸೆಲ್‌ನಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ಹೊರಗಿನದು ಪರವಾಗಿಲ್ಲ. ಒಳಗಿನದರ ರೋಲರುಗಳ ಉದ್ದಕ್ಕೂ ಕಂದು ಗೆರೆ. ರೋಲರುಗಳು ಓಡುವ ಹೊರ ಬಳೆಯಲ್ಲೂ (ಇದಕ್ಕೆ ಕಪ್ ಅನ್ನುತ್ತಾರೆ) ಅಷ್ಟಷ್ಟೇ ಅಂತರಕ್ಕೆ ಅದೇ ಗೆರೆ, ಒಂದು ಕಡೆ ಚಕ್ಕೆ ಎದ್ದಿತ್ತು. ಗ್ರೀಸ್ ಇಲ್ಲದೆ ಕಾದಿದ್ದರೆ ನೀಲಿ ತಿರುಗಿರುತ್ತಿತ್ತು. ಇದು ಹಾಗಲ್ಲ. ಟ್ರ್ಯಾಕ್ಟರ್ ನಿಂತೇ ಇದ್ದಾಗ ರೋಲರ್ ತಾಗಿದ ಜಾಗದಲ್ಲೇ ತುಕ್ಕು ಕೂತಿದೆ. ಅಂದರೆ ಮೊದಲು ಹೋದದ್ದು ಹಿಂಬದಿಯ ಆಯಿಲ್ ಸೀಲ್, ಆಮೇಲೆ ಬೇರಿಂಗ್. ಸೀಲ್ ಕೂರುವ ಜಾಗದ ಮೇಲೆ ಉಗುರು ಆಡಿಸಿ ನೋಡಿದೆ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಹೊಸ ಸೀಲೂ ನೀರು ತಡೆಯುವುದಿಲ್ಲ. ಪುಣ್ಯಕ್ಕೆ ನುಣ್ಣಗಿತ್ತು.

ಶಿರಸಿಯ ಅಂಗಡಿಗೆ ಹಳೇದನ್ನೇ ಒಯ್ದೆ. ಮೇಲೆ 30206 ಎಂಬಂಥ ನಂಬರಿದ್ದರೆ ಕೊನೆಯ ಎರಡಂಕಿಯನ್ನು 5ರಿಂದ ಗುಣಿಸಿ: ಒಳ ಅಳತೆ 30 ಮಿ.ಮೀ. ಇಂಚಿನ ಬೇರಿಂಗಿಗೆ ಈ ಲೆಕ್ಕ ನಡೆಯುವುದಿಲ್ಲ. ಹಳೇ ಕಪ್ಪಿಗೆ ಹೊಸ ಕೋನ್ (ರೋಲರುಗಳಿರುವ ಒಳ ಭಾಗ) ಮಾತ್ರ ಹಾಕುವವರಿದ್ದಾರೆ. ದುಡ್ಡು ದಂಡ.

ಹಬ್ಬಿನೊಳಗಿನ ಕಚ್ಚಿಗೆ ಹಿತ್ತಾಳೆ ರಾಡು ಕೊಟ್ಟು, ಆ ಕಡೆ ಒಂದು, ಈ ಕಡೆ ಒಂದು ಪೆಟ್ಟು ಹಾಕುತ್ತ ಹಳೇ ಕಪ್ ತೆಗೆದೆ. ಹೊಸ ಕಪ್ ರಾತ್ರಿಯಿಡೀ ಫ್ರಿಜ್ಜಿನ ಫ್ರೀಜರಿನಲ್ಲಿತ್ತು (ಅದಕ್ಕೆ ಮನೆಯಲ್ಲಿ ಬೈಸಿಕೊಂಡದ್ದೂ ಆಯಿತು). ಹಳೇ ಕಪ್ಪಿಗೆ ಗ್ರೈಂಡರಿನಲ್ಲಿ ಸೀಳು ಹಾಕಿ, ಅದನ್ನೇ ಮೇಲಿಟ್ಟು ಬಡಿದು ಕೂರಿಸಿದೆ. ಸೀಳಿಲ್ಲದಿದ್ದರೆ ಹಳೇದೂ ಒಳಗೇ ಸಿಕ್ಕಿಕೊಳ್ಳುತ್ತದೆ. ಕಪ್ ತಳ ಮುಟ್ಟಿದರೆ ಸುತ್ತಿಗೆಯ ಸದ್ದೇ ಬದಲಾಗುತ್ತದೆ.

ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು, ಇನ್ನೊಂದು ಬದಿಯಲ್ಲಿ ಇಣುಕುವ ತನಕ ಬೇರಿಂಗಿಗೆ ಒತ್ತಿ ತುಂಬಿದೆ. ಚಕ್ರ ತಿರುಗಿಸುತ್ತಲೇ ನಟ್ ಬಿಗಿದು, ಚಕ್ರ ಬಿಗಿಯಾದಾಗ, ನಟ್ ಸಡಿಲವಾಗದಂತೆ ಹಿಡಿಯುವ ಕಾಟರ್ ಪಿನ್ನಿನ ತೂತು ಸಿಗುವಷ್ಟು ಹಿಂದಕ್ಕೆ ಬಿಟ್ಟೆ. ಅಲ್ಲಾಟ ಇರಬಾರದು, ಚಕ್ರವೂ ಸಲೀಸಾಗಿ ತಿರುಗಬೇಕು. ಬಿಗಿ ಜಾಸ್ತಿಯಾದರೆ ಹೊಸ ಬೇರಿಂಗೂ ಕಾದು ಹೋಗುತ್ತದೆ. ಕಾಟರ್ ಪಿನ್ನೂ ಹೊಸದೇ.

ದಾಸನಕೊಪ್ಪದ ತನಕ ಓಡಿಸಿ ಹಬ್ ಮುಟ್ಟಿದೆ. ಕೈ ಇಡಬಹುದಾದಷ್ಟೇ ಬೆಚ್ಚಗಿತ್ತು. ಬಲಗಡೆಯ ಬೇರಿಂಗ್ ಚೆನ್ನಾಗಿತ್ತು, ಆದರೂ ಅದರ ಸೀಲ್ ಬದಲಿಸಿ ಹೊಸ ಗ್ರೀಸ್ ತುಂಬಿದೆ.