ಇಳಿತದ ಗಂಟೆ ನೋಡಿ ಹೊರಡಿ: ಮಕ್ಕಳ ಕಡಲತೀರ ಅಧ್ಯಯನ ಪ್ರವಾಸ ನಡೆಸುವ ಬಗೆ

ಶಾಲೆಯ ಕಡಲತೀರ ಪ್ರವಾಸಕ್ಕೆ ಸಾಮಾನ್ಯವಾಗಿ ಮೊದಲು ಬಸ್ಸು ಗೊತ್ತಾಗುತ್ತದೆ, ಆಮೇಲೆ ಊಟ. ಕಡಲನ್ನು ಯಾರೂ ಕೇಳುವುದಿಲ್ಲ. ಹಾಗೆ ಹೊರಟ ತಂಡ ದಡ ಮುಟ್ಟುವ ಹೊತ್ತಿಗೆ ಉಬ್ಬರ ಏರಿ, ನೋಡಬೇಕಾದ ಬಂಡೆಗಳೆಲ್ಲ ನೀರಿನಡಿ ಸೇರಿರುತ್ತವೆ. ಉಳಿಯುವುದು ಮರಳಾಟ, ಗುಂಪು ಫೋಟೊ. ಮಕ್ಕಳು ಕೈಯಾರೆ ಅಳೆದು, ಎಣಿಸಿ, ಬರೆದುಕೊಂಡು ಬರಬೇಕೆಂದರೆ ಇಡೀ ಯೋಜನೆಯನ್ನು ಇಳಿತದ ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು.

ದಿನ ಗೊತ್ತುಮಾಡುವುದು

ಬಹುತೇಕ ಕರಾವಳಿಗಳಲ್ಲಿ ದಿನಕ್ಕೆ ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು, ಅದರಲ್ಲೂ ಒಂದೆರಡು ದಿನ ಕಳೆದ ಮೇಲೆ, ನೀರು ಅತಿ ಹೆಚ್ಚು ಹಿಂದೆ ಸರಿಯುತ್ತದೆ. ಇಲ್ಲೊಂದು ಸಂಗತಿ ಹಲವರ ಗಮನಕ್ಕೆ ಬರುವುದಿಲ್ಲ: ಒಂದು ಜಾಗದಲ್ಲಿ ಈ ದೊಡ್ಡ ಇಳಿತಗಳು ಪ್ರತಿ ಸಲವೂ ಗಡಿಯಾರದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೀಳುತ್ತವೆ. ಆ ಹೊತ್ತು ನಿಮ್ಮಲ್ಲಿ ಮುಂಜಾನೆ ಐದು ಗಂಟೆಯಾದರೆ ಮುಂದಿನ ಪಕ್ಷಕ್ಕೆ ಕಾದು ಪ್ರಯೋಜನವಿಲ್ಲ. ಮೂರು ನಾಲ್ಕು ದಿನ ತಳ್ಳಿ, ಸ್ವಲ್ಪ ಚಿಕ್ಕದಾದರೂ ಶಾಲೆಗೆ ಹೊಂದುವ ಇಳಿತವನ್ನು ಆರಿಸಿಕೊಳ್ಳಿ.

ಉಬ್ಬರವಿಳಿತದ ಪಟ್ಟಿ ಓದುವಾಗ ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಪಟ್ಟಿಯ ಸಮಯ ಸ್ಥಳೀಯವೋ, ಜಾಗತಿಕ ಪ್ರಮಾಣ ಸಮಯವೋ ಎಂದು ನೋಡದಿರುವುದು. ಎರಡನೆಯದು, ಪಟ್ಟಿಯ ಎತ್ತರವನ್ನು ಕಣ್ಣುಮುಚ್ಚಿ ನಂಬುವುದು. ವಾಯುಭಾರ ಒಂದು ಹೆಕ್ಟೋಪ್ಯಾಸ್ಕಲ್ ಕುಸಿದರೆ ನೀರಿನ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಕಡಲಿನಿಂದ ದಡಕ್ಕೆ ಬಲವಾದ ಗಾಳಿಯಿದ್ದರೆ ಇನ್ನಷ್ಟು. ಪಟ್ಟಿಯಲ್ಲಿ ಕಾಣುವ ಬಂಡೆಸಾಲು ಅಂದು ಕಾಣದೇ ಹೋಗಬಹುದು. ಒಂದು ವಾರ ಮೊದಲು, ಸುಮಾರು ಅದೇ ಎತ್ತರದ ಇಳಿತದಲ್ಲಿ ಶಿಕ್ಷಕರಿಬ್ಬರು ಹೋಗಿ ಜಾಗ ನೋಡಿ ಬರುವುದು ಕಡ್ಡಾಯ. ಹೊರಬರುವ ದಾರಿ ಯಾವುದು, ಪಾಚಿ ಜಾರುವುದೆಲ್ಲಿ, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ನೀರು ಮೊದಲು ಎಲ್ಲಿಂದ ಒಳನುಗ್ಗಿ ಹಿಂದಿನ ದಾರಿ ಮುಚ್ಚುತ್ತದೆ ಎಂಬುದನ್ನು ಗುರುತಿಸಿಕೊಳ್ಳಿ. ಸಂರಕ್ಷಿತ ಪ್ರದೇಶವಾದರೆ ಅನುಮತಿ ಬೇಕು. ಆಮೆಗಳು ಇಲ್ಲವೇ ಹಕ್ಕಿಗಳು ಮೊಟ್ಟೆಯಿಡುವ ಕಾಲವಾದರೆ ಆ ತೀರವನ್ನೇ ಬಿಟ್ಟುಬಿಡಿ.

ಸಮಯದ ಲೆಕ್ಕ ಹೀಗೆ. ಇಳಿತ 10:40ಕ್ಕೆ ಇದ್ದರೆ ಮಕ್ಕಳು 8:40ಕ್ಕೆ ದಡದ ಮೇಲ್ತುದಿಯಲ್ಲಿ ಕೆಲಸ ಶುರುಮಾಡಬೇಕು. ನೀರು ಸರಿದಂತೆ ಕೆಳಗಿಳಿಯುತ್ತ 10:40ರ ಒಳಗೆ ಕೆಳತುದಿ ಮುಗಿಸಬೇಕು. ನೀರು ತಿರುಗಿತೆಂದರೆ ಎಲ್ಲರ ನಡಿಗೆಯೂ ದಡದ ಕಡೆಗೆ. ಏರುವ ನೀರು ಒಂದೇ ವೇಗದಲ್ಲಿ ಏರುವುದಿಲ್ಲ: ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು ಪಾಲು. ಮೂರು ಮೀಟರ್ ಏರಿಳಿತವಿರುವ ಕಡೆ ಮೂರನೇ ಗಂಟೆಯೊಂದರಲ್ಲೇ ನೀರು 75 ಸೆಂಟಿಮೀಟರ್ ಮೇಲೆ ಬರುತ್ತದೆ. ‘ಇನ್ನೂ ನಿಧಾನವಾಗಿಯೇ ಬರುತ್ತಿದೆ’ ಎಂಬ ಧೈರ್ಯ ಹುಟ್ಟುವುದು ಮೊದಲ ಗಂಟೆಯಲ್ಲಿ. ಅದನ್ನು ನಂಬಬೇಡಿ.

ಸಲಕರಣೆ

ದುಬಾರಿಯದು ಏನೂ ಬೇಡ. ಐವರ ಒಂದು ಗುಂಪಿಗೆ: ಪ್ರತಿ ಎರಡು ಮೀಟರ್‌ಗೆ ಗುರುತು ಹಾಕಿದ 20 ಮೀಟರ್ ಹಗ್ಗ, ಒಂದು ಚೌಕಟ್ಟು, 1.5 ಮೀಟರ್ ಉದ್ದದ ಎರಡು ಕೋಲು, ಬಿಳಿ ಬಕೆಟ್ಟು, ಪೆನ್ಸಿಲ್, ರಟ್ಟಿನ ಪ್ಯಾಡಿಗೆ ರಬ್ಬರ್‌ಬ್ಯಾಂಡ್ ಬಿಗಿದ ದಾಖಲೆ ಹಾಳೆ. ಪೆನ್ನು ಬೇಡ, ಒದ್ದೆ ಕಾಗದದ ಮೇಲೆ ಶಾಯಿ ಹರಡುತ್ತದೆ.

ಚೌಕಟ್ಟನ್ನು 20 ಮಿಲಿಮೀಟರ್ ಪಿವಿಸಿ ಪೈಪು ಮತ್ತು ನಾಲ್ಕು ಎಲ್ಬೋಗಳಿಂದ ಮಾಡಬಹುದು. ಒಳಅಳತೆ 50 ಸೆಂಟಿಮೀಟರ್ ಬರಬೇಕು. ಎಲ್ಬೋ ತಿನ್ನುವ ಜಾಗವನ್ನು ಮೊದಲೇ ಜೋಡಿಸಿ ನೋಡಿ ಪೈಪು ಕತ್ತರಿಸಿ. ಪ್ರತಿ ಬದಿಗೂ 10 ಸೆಂಟಿಮೀಟರ್‌ಗೊಂದರಂತೆ ನಾಲ್ಕು ತೂತು ಕೊರೆದು ನೈಲಾನ್ ದಾರ ಅಡ್ಡಡ್ಡ, ಉದ್ದುದ್ದ ಹಾಯಿಸಿದರೆ 25 ಚೌಕಗಳು ಸಿಗುತ್ತವೆ. ಒಂದೊಂದು ಚೌಕವೂ ಶೇ 4. ಪಾಚಿ ಹತ್ತು ಚೌಕ ತುಂಬಿದ್ದರೆ ಶೇ 40 ಎಂದು ಆರನೇ ತರಗತಿಯ ಮಗುವೂ ಬಾಯಲ್ಲೇ ಹೇಳುತ್ತದೆ. ಮೂಲೆಗಳಲ್ಲಿ ಇನ್ನೆರಡು ತೂತು ಹೆಚ್ಚಿಗೆ ಕೊರೆಯಿರಿ. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡರೆ ಚೌಕಟ್ಟು ನೀರಿನ ಗುಂಡಿಗಳಲ್ಲಿ ತೇಲುತ್ತದೆ.

ಇಳಿಜಾರು ಅಳೆಯುವುದು

ದಡ ಎಷ್ಟು ಇಳಿಜಾರಾಗಿದೆ ಎಂದು ಗೊತ್ತಿಲ್ಲದೆ ಯಾವ ಜೀವಿ ಎಲ್ಲಿ ಬದುಕುತ್ತದೆ ಎಂಬುದಕ್ಕೆ ಅರ್ಥ ಬರುವುದಿಲ್ಲ. ಇದಕ್ಕೆ ಎರಡು ಕೋಲು ಮತ್ತು ದಿಗಂತ ಸಾಕು, ಕಡಲ ಭೂವಿಜ್ಞಾನಿ ಕೆ. ಒ. ಎಮರಿ 1961ರಲ್ಲಿ ಪ್ರಕಟಿಸಿದ ಈ ಸರಳ ವಿಧಾನವನ್ನು ಮಕ್ಕಳು ಹತ್ತು ನಿಮಿಷದಲ್ಲಿ ಕಲಿಯುತ್ತಾರೆ.

ಎರಡೂ ಕೋಲುಗಳಿಗೆ ತುದಿಯಿಂದ ಕೆಳಮುಖವಾಗಿ ಸೆಂಟಿಮೀಟರ್ ಗುರುತು ಹಾಕಿ. ತುದಿಯೇ ಸೊನ್ನೆ. ಕೋಲುಗಳನ್ನು ಎರಡು ಮೀಟರ್ ಅಂತರದಲ್ಲಿ ನೆಟ್ಟಗೆ ಹಿಡಿಯಬೇಕು, ಒಂದು ದಡದ ಕಡೆ, ಇನ್ನೊಂದು ಕಡಲ ಕಡೆ. ದಡದ ಕಡೆಯ ಕೋಲಿನ ಹಿಂದೆ ನಿಂತ ಮಗು ಕಡಲಿನತ್ತ ನೋಡುತ್ತ, ಕಡಲ ಕಡೆಯ ಕೋಲಿನ ತುದಿ ಸರಿಯಾಗಿ ದಿಗಂತದ ಗೆರೆಗೆ ತಾಗುವವರೆಗೆ ಕಣ್ಣನ್ನು ಮೇಲೆ ಕೆಳಗೆ ಸರಿಸುತ್ತದೆ. ಆ ದೃಷ್ಟಿರೇಖೆ ತನ್ನ ಕೋಲನ್ನು ಎಲ್ಲಿ ಹಾಯುತ್ತದೋ ಅಲ್ಲಿನ ಅಂಕಿಯೇ ಇಳಿಜಾರು. 14 ಬಂದರೆ ಎರಡು ಮೀಟರ್‌ಗೆ ನೆಲ 14 ಸೆಂಟಿಮೀಟರ್ ಇಳಿದಿದೆ. ಕಡಲ ಕಡೆಗೆ ನೆಲ ಏರಿರುವಲ್ಲಿ, ಅಂದರೆ ಅಲೆ ಒಟ್ಟಿದ ಮರಳುದಿಬ್ಬದಲ್ಲಿ, ಉಲ್ಟಾ ಮಾಡಬೇಕು: ತನ್ನ ಕೋಲಿನ ತುದಿಯನ್ನು ದಿಗಂತಕ್ಕೆ ತಾಗಿಸಿ, ಎದುರಿನ ಕೋಲಿನ ಮೇಲಿನ ಅಂಕಿ ಓದಿ, ಮುಂದೆ ಕೂಡುವ ಚಿಹ್ನೆ ಹಾಕಬೇಕು. ಈ ಚಿಹ್ನೆ ಮರೆತ ಗುಂಪಿನ ನಕ್ಷೆಯಲ್ಲಿ ದಿಬ್ಬವೆಲ್ಲ ಹೊಂಡವಾಗುತ್ತದೆ.

ಅಳತೆ ತಪ್ಪುವುದಕ್ಕೆ ಕಾರಣ ಹೆಚ್ಚಾಗಿ ಎರಡೇ. ಕೋಲು ಮರಳಿನಲ್ಲಿ ಹೂತುಹೋಗುತ್ತದೆ, ಬುಡಕ್ಕೊಂದು ಅಂಗೈಯಗಲದ ಹಲಗೆ ಹೊಡೆದರೆ ನಿಲ್ಲುತ್ತದೆ. ಇಲ್ಲವೇ ಕೋಲು ವಾಲಿರುತ್ತದೆ, ತುದಿಗೆ ಕಲ್ಲು ಕಟ್ಟಿದ ದಾರ ಇಳಿಬಿಟ್ಟರೆ ಗೊತ್ತಾಗುತ್ತದೆ. ಮಂಜು ಕವಿದು ದಿಗಂತ ಕಾಣದಿದ್ದರೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಕೆಲಸಕ್ಕೆ ಬರುತ್ತದೆ.

ಎಣಿಕೆ

ಹಗ್ಗವನ್ನು ಮೇಲಿನಿಂದ ನೀರಿನಂಚಿನವರೆಗೆ ನೇರವಾಗಿ ಹಾಸಿ. ಇಳಿಜಾರು ಅಳೆದದ್ದೂ ಇದೇ ಸಾಲಿನಲ್ಲಿ ಇರಬೇಕು. ಪ್ರತಿ ಗುರುತಿನಲ್ಲಿ ಚೌಕಟ್ಟು ಯಾವಾಗಲೂ ಹಗ್ಗದ ಬಲಕ್ಕೆ, ಓಡಾಟ ಯಾವಾಗಲೂ ಎಡಕ್ಕೆ. ಇಲ್ಲದಿದ್ದರೆ ಮುಂದಿನ ನಿಮಿಷ ಎಣಿಸಬೇಕಾದ ಜೀವಿಗಳನ್ನು ಈಗಲೇ ತುಳಿದಿರುತ್ತೀರಿ. ಚೌಕಟ್ಟನ್ನು ಎಸೆದು ಬಿದ್ದಲ್ಲಿ ಎಣಿಸುವ ಅಭ್ಯಾಸ ಕೆಲವು ಕಡೆ ಇದೆ, ಅದನ್ನು ಕೈಬಿಡಿ. ಎಸೆಯುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಜೀವಿಗಳು ಹೆಚ್ಚಿರುವ ಕಡೆಗೇ ಎಸೆಯುತ್ತಾರೆ, ಪೈಪು ಬಡಿದು ಪಕ್ಕದವರಿಗೂ ಪೆಟ್ಟಾಗಬಹುದು.

ಚೌಕಟ್ಟಿನ ಗೆರೆಯ ಮೇಲೆಯೇ ಕುಳಿತ ಬಸವನಹುಳುವನ್ನು ಏನು ಮಾಡುವುದು? ಮೇಲಿನ ಮತ್ತು ಎಡಬದಿಯವನ್ನು ಸೇರಿಸಿ, ಕೆಳಗಿನ ಮತ್ತು ಬಲಬದಿಯವನ್ನು ಬಿಡಿ ಎಂಬ ನಿಯಮವನ್ನು ತರಗತಿಯಲ್ಲೇ ಹೇಳಿಕೊಡಿ. ಹೆಸರು ಗೊತ್ತಿಲ್ಲದ ಜೀವಿಗೆ ಹೆಸರು ಹುಡುಕುತ್ತ ಕೂರುವುದು ಬೇಡ. ‘ಬಿಳಿ ಶಂಕು 1’ ಎಂದು ಬರೆದು, ಪಕ್ಕದಲ್ಲಿ ಸ್ಕೇಲಿಟ್ಟು ಫೋಟೊ ತೆಗೆದರೆ ಸಾಕು. ಒಂದು ಚೌಕಟ್ಟನ್ನು ಎರಡು ಗುಂಪುಗಳು ಪರಸ್ಪರ ಕೇಳದೆ ಎಣಿಸಲಿ. ಒಬ್ಬರಿಗೆ 31, ಇನ್ನೊಬ್ಬರಿಗೆ 44 ಬಂದಾಗ ನಡೆಯುವ ಜಗಳ, ಅಳತೆಯ ದೋಷ ಎಂದರೇನು ಎಂಬುದಕ್ಕೆ ಅರ್ಧ ದಿನದ ಪಾಠಕ್ಕೆ ಸಮ.

ಜೀವಿಗಳನ್ನು ಮುಟ್ಟುವ ಮೊದಲು ಕೈಯನ್ನು ಕಡಲನೀರಿನಲ್ಲಿ ಒದ್ದೆ ಮಾಡಿಕೊಳ್ಳಬೇಕು. ಅಂಗೈಗೆ ಸನ್‌ಸ್ಕ್ರೀನ್ ಬಳಿದಿರಬಾರದು. ಬಂಡೆಗೆ ಕಚ್ಚಿಕೊಂಡ ಲಿಂಪೆಟ್, ಬಾರ್ನಕಲ್‌ನಂಥ ಚಿಪ್ಪುಜೀವಿಗಳನ್ನು ಕೀಳುವಂತಿಲ್ಲ. ಒಂದು ಕೈಯಲ್ಲಿ ತಿರುಗಿಸಲಾಗುವ ಕಲ್ಲನ್ನು ಮಾತ್ರ ಎತ್ತಬಹುದು, ಅದೂ ಆಚೆ ಅಂಚನ್ನು ತನ್ನತ್ತ ಎತ್ತಬೇಕು, ಆಗ ಅಡಿಯಿಂದ ಹೊರಡುವುದು ಆಚೆಗೆ ಹೊರಡುತ್ತದೆ. ನೋಡಿದ ಮೇಲೆ ಕಲ್ಲು ಮೊದಲಿದ್ದಂತೆಯೇ ಕೂರಬೇಕು. ಮಗುಚಿ ಬಿಟ್ಟರೆ ಅಡಿಯಲ್ಲಿ ಬದುಕುವವು ಬಿಸಿಲಿಗೆ ಒಣಗಿ ಸಾಯುತ್ತವೆ, ಮೇಲಿನ ಪಾಚಿ ಕತ್ತಲಲ್ಲಿ ಕೊಳೆಯುತ್ತದೆ. ಬಕೆಟ್ಟಿನಲ್ಲಿ ಒಮ್ಮೆಗೆ ಒಂದೇ ಜೀವಿ, ನೆರಳಿನಲ್ಲಿ, ಹತ್ತು ನಿಮಿಷಕ್ಕಿಂತ ಹೆಚ್ಚಿಲ್ಲ. ಏಡಿ ಮತ್ತು ಸಣ್ಣ ಮೀನನ್ನು ಜೊತೆಗೆ ಹಾಕಿದರೆ ಎಣಿಸಲು ಏಡಿಯೊಂದೇ ಉಳಿದೀತು. ಖಾಲಿ ಚಿಪ್ಪನ್ನೂ ಮನೆಗೆ ಒಯ್ಯುವಂತಿಲ್ಲ, ಸನ್ಯಾಸಿ ಏಡಿಗಳಿಗೆ ಅದೇ ಮನೆ.

ಮರಳಿನಲ್ಲಿ ಪ್ಲಾಸ್ಟಿಕ್

ಬಂಡೆಯಿಲ್ಲದ ತೀರದಲ್ಲಿ ಈ ಚಟುವಟಿಕೆ ಮಾಡಬಹುದು. ಉಬ್ಬರ ತಂದು ಬಿಟ್ಟ ಕಸದ ಗೆರೆಯ ಮೇಲೆ ಚೌಕಟ್ಟು ಇಟ್ಟು ಮೇಲಿನ 2 ಸೆಂಟಿಮೀಟರ್ ಮರಳು ಕೆರೆದರೆ ಐದು ಲೀಟರ್ ಆಗುತ್ತದೆ. ಅದನ್ನು 5 ಮಿಲಿಮೀಟರ್ ಮತ್ತು 1 ಮಿಲಿಮೀಟರ್ ಜರಡಿಗಳಲ್ಲಿ ಸೋಸಿ. ಒದ್ದೆ ಮರಳು ಜರಡಿಯಲ್ಲಿ ಮುದ್ದೆಯಾಗುತ್ತದೆ. ಜರಡಿಯನ್ನು ನೀರಿನ ಬಕೆಟ್ಟಿನೊಳಗೆ ಅದ್ದಿ ಅಲ್ಲಾಡಿಸಿ. ಎರಡು ಜರಡಿಗಳ ನಡುವೆ ಉಳಿದದ್ದನ್ನು, ಲೀಟರ್ ನೀರಿಗೆ ಸುಮಾರು 350 ಗ್ರಾಂ ಉಪ್ಪು ಕರಗಿಸಿದ ದ್ರಾವಣಕ್ಕೆ ಹಾಕಿ ಕಲಕಿ ಬಿಡಿ. ಈ ನೀರಿನ ಸಾಂದ್ರತೆ 1.2ರ ಹತ್ತಿರ ಬರುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್ ತೇಲುತ್ತವೆ. ನೀರಿನ ಬಾಟಲಿಯ ಪಿಇಟಿ ಸುಮಾರು 1.38 ಇರುವುದರಿಂದ ಮುಳುಗುತ್ತದೆ, ಪಿವಿಸಿಯೂ ಅಷ್ಟೇ. ಆದ್ದರಿಂದ ‘ಏನೂ ತೇಲಲಿಲ್ಲ, ಪ್ಲಾಸ್ಟಿಕ್ ಇಲ್ಲ’ ಎಂದು ಹಾಳೆಯಲ್ಲಿ ಬರೆಯಲು ಬಿಡಬೇಡಿ. ತೇಲಿದ್ದೆಲ್ಲ ಪ್ಲಾಸ್ಟಿಕ್ಕೂ ಅಲ್ಲ: ಚಿಮಟಿಗೆಯಲ್ಲಿ ಒತ್ತಿದಾಗ ಪುಡಿಯಾದರೆ ಅದು ಮರದ ಚೂರೋ ಒಣಪಾಚಿಯೋ ಆಗಿರುತ್ತದೆ.

ದೊಡ್ಡ ಕಸವನ್ನು ಹೆಕ್ಕುವ ಕಾರ್ಯಕ್ರಮವಿದ್ದರೆ ಎಣಿಸದೆ ಚೀಲ ಕಟ್ಟಬೇಡಿ. 1986ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರುವಾದ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ಕಾರ್ಯಕ್ರಮದಲ್ಲಿ ಮೊದಲಿನಿಂದಲೂ ಕಸವನ್ನು ಬಗೆಬಗೆಯಾಗಿ ಪಟ್ಟಿ ಮಾಡುತ್ತಾರೆ.

ಅಪಾಯ

ಎಂಟು ಮಕ್ಕಳಿಗೊಬ್ಬ ವಯಸ್ಕರು ಬೇಕು. ಅವರಲ್ಲದೆ ಇನ್ನೊಬ್ಬರ ಕೆಲಸ ಕಡಲನ್ನು ನೋಡುತ್ತ ನಿಲ್ಲುವುದು ಮಾತ್ರ, ಫೋಟೊ ತೆಗೆಯುವುದೂ ಅವರಿಗೆ ನಿಷಿದ್ಧ. ಚಪ್ಪಲಿಯಲ್ಲ, ಬೆರಳು ಮುಚ್ಚುವ ಶೂ. ಉಷ್ಣವಲಯದ ತೀರಗಳಲ್ಲಿ ಶಂಕುವಿನಾಕಾರದ ಜೀವಂತ ಬಸವನಹುಳುವನ್ನು ಯಾರೂ ಎತ್ತಬಾರದು. ಕೋನ್ ಸ್ನೇಲ್‌ನ ಕುಟುಕು ಪ್ರಾಣ ತೆಗೆಯಬಲ್ಲದು. ಸತ್ತು ದಡಕ್ಕೆ ಬಿದ್ದ ಅಂಬಲಿ ಮೀನೂ (ಜೆಲ್ಲಿಫಿಶ್) ಕುಟುಕುತ್ತದೆ. ಕುಟುಕಿದರೆ ಕಡಲನೀರಿನಿಂದ ತೊಳೆಯಿರಿ, ಸಿಹಿನೀರು ಬೇಡ, ಉಜ್ಜಲೂ ಬೇಡ. ವಿನೆಗರ್ ಎಲ್ಲ ಜಾತಿಗೂ ಹೊಂದದು. ಆ ತೀರದ ಜೀವರಕ್ಷಕರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮರಳಿ ತರಗತಿಗೆ

ಎರಡು ದಿನದೊಳಗೆ ನಕ್ಷೆ ಬರೆಸಿ, ತಡವಾದರೆ ಹಾಳೆಯ ಗುರುತುಗಳು ಬರೆದವರಿಗೇ ಅರ್ಥವಾಗುವುದಿಲ್ಲ. ಅಡ್ಡಸಾಲಿನಲ್ಲಿ ದೂರ, ಲಂಬಸಾಲಿನಲ್ಲಿ ಎತ್ತರ, ಅದರ ಮೇಲೆ ಜೀವಿಗಳ ಸಂಖ್ಯೆ. ಪಟ್ಟಿಪಟ್ಟಿಯಾಗಿ ವಲಯಗಳು ಎದ್ದು ಕಂಡಾಗ ಪ್ರಶ್ನೆ ಕೇಳಿ: ಮೇಲಿನ ಬಾರ್ನಕಲ್ ಕೆಳಗೆ ಯಾಕಿಲ್ಲ? ಬಿಸಿಲು, ಒಣಗುವಿಕೆ ಎಂದು ಮಕ್ಕಳು ಹೇಳುತ್ತಾರೆ. ಅದು ಮೇಲಿನ ಎಲ್ಲೆಗೆ ಉತ್ತರ, ಕೆಳಗಿನದಕ್ಕಲ್ಲ. ಸ್ಕಾಟ್ಲೆಂಡ್‌ನ ತೀರದಲ್ಲಿ ಜೀವವಿಜ್ಞಾನಿ ಜೋಸೆಫ್ ಕಾನೆಲ್ ಕೆಳಗಿನ ಬಾರ್ನಕಲ್ ಜಾತಿಯನ್ನು ತೆಗೆದುಹಾಕಿ ನೋಡಿದಾಗ ಮೇಲಿನದು ಕೆಳಗೂ ಚೆನ್ನಾಗಿಯೇ ಬದುಕಿತು. ಅದನ್ನು ತಡೆದಿದ್ದದ್ದು ಜಾಗದ ಪೈಪೋಟಿ. 1961ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ನಕ್ಷೆ ಬರೆದು ಮುಗಿಸಿದ ಮೇಲೆಯೇ ಹೇಳಿ, ಮೊದಲೇ ಹೇಳಿದರೆ ಎಣಿಕೆಯೂ ಅದಕ್ಕೆ ತಕ್ಕಂತೆ ಬಂದುಬಿಡುತ್ತದೆ.

ಹಗ್ಗದ ಮೇಲ್ತುದಿ ಇದ್ದ ಜಾಗವನ್ನು ಅಲುಗದ ಬಂಡೆಯೊಂದರ ಫೋಟೊ ಮತ್ತು ಜಿಪಿಎಸ್ ಅಂಕಿಯೊಂದಿಗೆ ಬರೆದಿಡಿ, ಮುಂದಿನ ವರ್ಷದ ತರಗತಿ ಅಲ್ಲಿಂದಲೇ ಶುರುಮಾಡಲಿ. ಜರಡಿ, ಚೌಕಟ್ಟು, ಶೂಗಳನ್ನು ಅಂದೇ ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಉಪ್ಪು ಜರಡಿಯ ತಂತಿಯನ್ನು ತಿನ್ನುತ್ತದೆ, ಹಸಿಯಾಗಿಯೇ ಇನ್ನೊಂದು ತೀರಕ್ಕೆ ಒಯ್ದರೆ ಇಲ್ಲಿನ ಮರಿಗಳೂ ಬೀಜಕಗಳೂ ಜೊತೆಗೆ ಹೋಗುತ್ತವೆ.