ಹೆರಿಗೆ ತಡವಾಗಿ ಮಗುವಿಗೆ ಪೆಟ್ಟಾಗಿದ್ದರೆ ಪರಿಹಾರ ಕೇಳುವುದು ಹೇಗೆ?

ಮುಧೋಳ ಕಡೆಯ ದಂಪತಿ ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ಬಾಗಲಕೋಟೆಯ ನಮ್ಮ ಕಚೇರಿಗೆ ಬಂದಿದ್ದರು. ಮಗುವಿಗೆ ಕತ್ತು ಇನ್ನೂ ನಿಂತಿರಲಿಲ್ಲ. ತಂದೆ ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಎಲ್ಲದಕ್ಕೂ ಲ್ಯಾಮಿನೇಶನ್ ಆಗಿತ್ತು. ಅವುಗಳಲ್ಲೊಂದು, ಹೆರಿಗೆಯ ರಾತ್ರಿ ಹೊಟ್ಟೆಯೊಳಗಿನ ಮಗುವಿನ ಹೃದಯಬಡಿತವನ್ನು ಯಂತ್ರ ಬರೆದುಕೊಟ್ಟ ಉದ್ದನೆಯ ಪಟ್ಟಿ. ಬಸ್ ಟಿಕೆಟ್‌ನಂತೆ ಶಾಖಕ್ಕೆ ಅಚ್ಚಾಗುವ ಆ ಕಾಗದ, ಲ್ಯಾಮಿನೇಶನ್ ಯಂತ್ರದ ಬಿಸಿಗೆ ತುದಿಯಿಂದ ತುದಿಯವರೆಗೆ ಕಪ್ಪಾಗಿ ಹೋಗಿತ್ತು. ‘ಹಾಳಾಗಬಾರ್ದಂತ ಮಾಡಿಸೀನ್ರಿ ಮೇಡಂ’ ಎಂದರು. ಅವರ ಬಳಿಯಿದ್ದ ಅತಿ ಮುಖ್ಯ ಸಾಕ್ಷ್ಯ ಅದೇ ಆಗಿತ್ತು.

ಇಂಥ ಪ್ರಕರಣಗಳು ಕೆಡುವುದು ಬಹುಮಟ್ಟಿಗೆ ಕಾಗದಗಳ ಹಂತದಲ್ಲಿ ಎಂಬುದನ್ನು ವರ್ಷಗಳಿಂದ ನೋಡುತ್ತಿರುವುದರಿಂದ ಈ ಲೇಖನದಲ್ಲಿ ಆ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದಕ್ಕೂ ಮೊದಲು ಒಂದು ಮಾತು. ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಪೆಟ್ಟಾಗಿ ಕೈಕಾಲು, ಕತ್ತಿನ ಹಿಡಿತ ತಪ್ಪುವ ತೊಂದರೆ) ಇರುವ ಮಕ್ಕಳೆಲ್ಲರಿಗೂ ಅದು ಹೆರಿಗೆಯಲ್ಲಿಯೇ ಬಂದದ್ದಲ್ಲ. ಗರ್ಭದಲ್ಲಿದ್ದಾಗಿನ ಸೋಂಕು, ಅವಧಿಗೆ ಮೊದಲೇ ಹುಟ್ಟುವುದು, ಮೆದುಳಿನ ಬೆಳವಣಿಗೆಯ ದೋಷ ಇವೂ ಕಾರಣವಾಗುತ್ತವೆ. ಹೆರಿಗೆ ತಡವಾದದ್ದಷ್ಟೇ ನಿರ್ಲಕ್ಷ್ಯವೂ ಅಲ್ಲ. ತಡವಾಗುತ್ತಿದ್ದಾಗ ತಾಯಿಯನ್ನೂ ಮಗುವಿನ ಹೃದಯಬಡಿತವನ್ನೂ ಸರಿಯಾಗಿ ಗಮನಿಸಿದರೇ, ಅಪಾಯ ಕಂಡ ಮೇಲೆ ಸಕಾಲಕ್ಕೆ ಶಸ್ತ್ರಚಿಕಿತ್ಸೆ ಮಾಡಿದರೇ ಅಥವಾ ದೊಡ್ಡಾಸ್ಪತ್ರೆಗೆ ಕಳಿಸಿದರೇ ಎಂಬುದು ಕಾನೂನಿನ ಪ್ರಶ್ನೆ.

ಮೊದಲ ಹೆಜ್ಜೆ: ಚಿಕಿತ್ಸೆ

ಪ್ರಕರಣಕ್ಕಾಗಿ ಮಗುವಿನ ಫಿಜಿಯೋಥೆರಪಿಯನ್ನು ಒಂದು ದಿನವೂ ಮುಂದೂಡಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಬೆಳವಣಿಗೆಯ ತೊಂದರೆಯಿರುವ ಮಕ್ಕಳಿಗಾಗಿ ಇರುವ ಡಿಇಐಸಿ ಕೇಂದ್ರದಲ್ಲಿ ಇದು ಉಚಿತವಾಗಿ ಸಿಗುತ್ತದೆ, ಅಲ್ಲಿನ ಚೀಟಿಗಳು ಮುಂದೆ ದಾಖಲೆಯೂ ಆಗುತ್ತವೆ.

ಎರಡನೆಯ ಹೆಜ್ಜೆ: ಆ ರಾತ್ರಿಯನ್ನು ಬರೆದಿಡುವುದು

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತದೆ. ಹೀಗಾಗಿ ವಕೀಲರ ಬಳಿ ಬರುವ ಗಂಡ ಆ ರಾತ್ರಿ ಆಸ್ಪತ್ರೆಯಲ್ಲಿ ಇದ್ದಿರುವುದೇ ಕಡಿಮೆ. ಎಲ್ಲವನ್ನೂ ಕಣ್ಣಾರೆ ಕಂಡವರು ಹುಡುಗಿಯ ತಾಯಿ ಮತ್ತು ಅತ್ತಿಗೆ. ಅವರನ್ನು ಕೂರಿಸಿ, ಅವರ ಮಾತಿನಲ್ಲಿಯೇ ಹೇಳಿಸಿ ಬರೆದುಕೊಳ್ಳಿ. ನೋವು ಯಾವಾಗ ಶುರುವಾಯಿತು, ನೀರು ಯಾವಾಗ ಒಡೆಯಿತು, ನೋವು ಬರಿಸುವ ಡ್ರಿಪ್ ಯಾವಾಗ ಹಾಕಿದರು, ವೈದ್ಯರು ಎಷ್ಟು ಹೊತ್ತಿಗೆ ಬಂದರು, ಯಾರಾದರೂ ಹೊಟ್ಟೆಯ ಮೇಲೆ ಒತ್ತಿದರೇ, ಮಗು ಹುಟ್ಟಿದ ಕೂಡಲೇ ಅತ್ತಿತೇ. ಗಂಟೆ ನೆನಪಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಔಷಧ ಅಂಗಡಿಯ ಬಿಲ್ಲಿನಲ್ಲಿ ಸಮಯ ಅಚ್ಚಾಗಿರುತ್ತದೆ, 108ಕ್ಕೆ ಮಾಡಿದ ಕರೆ ಫೋನಿನಲ್ಲಿ ಇರುತ್ತದೆ, ‘ಇನ್ನೂ ಆಗಿಲ್ಲ’ ಎಂದು ನೆಂಟರಿಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶದ ಮೇಲೂ ಗಂಟೆ ನಿಮಿಷ ಇರುತ್ತದೆ. ಅವೆಲ್ಲವನ್ನೂ ಜೋಡಿಸಿಕೊಳ್ಳಿ.

ಮೂರನೆಯ ಹೆಜ್ಜೆ: ಆಸ್ಪತ್ರೆಯ ಪೂರ್ಣ ದಾಖಲೆ ಪಡೆಯುವುದು

ಡಿಸ್ಚಾರ್ಜ್ ಕಾರ್ಡನ್ನೇ ಪೂರ್ತಿ ದಾಖಲೆಯೆಂದು ತಿಳಿದು ಸುಮ್ಮನಾಗುವವರು ಬಹಳ. ಅದು ಒಂದು ಪುಟದ ಸಾರಾಂಶ ಮಾತ್ರ. ನಿಮಗೆ ಬೇಕಾದದ್ದು ಒಳಗಿನ ಕೇಸ್ ಶೀಟ್. ಅದರಲ್ಲಿ ದಾಖಲಾತಿ ಟಿಪ್ಪಣಿ, ನರ್ಸ್‌ಗಳು ಬರೆದ ಟಿಪ್ಪಣಿ, ಔಷಧ ಕೊಟ್ಟ ಪಟ್ಟಿ, ಪಾರ್ಟೋಗ್ರಾಫ್ (ಹೆರಿಗೆ ಮುಂದುವರಿದದ್ದನ್ನು ಗುರುತಿಸುವ ನಕ್ಷೆ), ಹೃದಯಬಡಿತದ ಪಟ್ಟಿ, ಸಹಿ ಮಾಡಿಸಿಕೊಂಡ ಒಪ್ಪಿಗೆ ಪತ್ರ, ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ಟಿಪ್ಪಣಿ, ಬೇರೆ ಕಡೆ ಕಳಿಸಿದ್ದರೆ ರೆಫರಲ್ ಚೀಟಿ ಎಲ್ಲವೂ ಇರಬೇಕು. ತಾಯಿಯ ಕಡತ ಬೇರೆ, ಮಗುವಿನ ಕಡತ ಬೇರೆ. ಮಗುವನ್ನು ಇನ್ನೊಂದು ಆಸ್ಪತ್ರೆಯ ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಒಯ್ದಿದ್ದರೆ ಅಲ್ಲಿಯೂ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಅಪ್ಗಾರ್ ಅಂಕ (ಹುಟ್ಟಿದ ಕೂಡಲೇ ಮಗುವಿನ ಸ್ಥಿತಿ ನೋಡಿ ಕೊಡುವ ಅಂಕ), ಫಿಟ್ಸ್ ಮೊದಲು ಬಂದ ಗಂಟೆ, ಎಂಆರ್‌ಐ ವರದಿ ಸಿಗುವುದು ಆ ಕಡತದಲ್ಲಿ.

ಅರ್ಜಿ ಬಾಯಿಮಾತಿನಲ್ಲಿ ಬೇಡ. ತಾಯಿಯ ಹೆಸರು, ದಾಖಲಾತಿ ಸಂಖ್ಯೆ, ದಿನಾಂಕ ಬರೆದು, ಮೇಲಿನ ಕಾಗದಗಳನ್ನು ಒಂದೊಂದಾಗಿ ಹೆಸರಿಸಿ, ತಾಯಿಯೇ ಸಹಿ ಮಾಡಲಿ. ಮಗುವಿನ ಅರ್ಜಿಗೆ ತಂದೆ ಅಥವಾ ತಾಯಿ ಸಹಿ ಮಾಡಬಹುದು. ಒಂದು ಪ್ರತಿಯ ಮೇಲೆ ಆಸ್ಪತ್ರೆಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಹಾಕದಿದ್ದರೆ ತಲುಪಿದ ಪುರಾವೆ ಸಿಗುವಂತೆ ಅಂಚೆಯಲ್ಲಿ ಕಳಿಸಿ. 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಯ್ದಿಡಬೇಕು. ಮಗು ಶಾಲೆಗೆ ಹೋಗುವ ಹೊತ್ತಿಗೆ ನೋಡೋಣವೆಂದು ಕುಳಿತರೆ ಕಡತವೇ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಯಾದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯನ್ನೂ ಜೊತೆಗೇ ಹಾಕಿ. ಅದಕ್ಕೆ ಉತ್ತರ ಕೊಡಲು 30 ದಿನದ ಗಡುವು ಇದೆ.

ಕಾಗದ ಕೈಗೆ ಬಂದ ದಿನವೇ ಪುಟಗಳಿಗೆ ಸಂಖ್ಯೆ ಹಾಕಿ. ಹೃದಯಬಡಿತದ ಪಟ್ಟಿಯನ್ನು ಮೊದಲು ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿಯೂ ಚಿತ್ರ ತೆಗೆದುಕೊಂಡು, ಮೂಲವನ್ನು ಕಾಗದದ ಲಕೋಟೆಯಲ್ಲಿ ಬಿಸಿಲು ತಾಗದಂತೆ ಇಡಿ. ಹಾಗೆಯೇ ಬಿಟ್ಟರೂ ಆ ಅಚ್ಚು ಕಾಲಕ್ರಮದಲ್ಲಿ ಅಳಿಸಿಹೋಗುತ್ತದೆ. ಅಂಗಡಿಯವರು ಎಷ್ಟೇ ಹೇಳಿದರೂ ಲ್ಯಾಮಿನೇಶನ್ ಬೇಡವೇ ಬೇಡ. ತಾಯಿ ಕಾರ್ಡ್ ತವರಿನಲ್ಲಿ ಉಳಿದಿರುತ್ತದೆ, ಅದನ್ನೂ ತರಿಸಿಕೊಳ್ಳಿ. ಗರ್ಭಿಣಿಯಾಗಿದ್ದಾಗ ಎಲ್ಲವೂ ಸರಿಯಿತ್ತೆಂದು ತೋರಿಸುವುದು ಅದೇ.

ಈಗ ಪಾರ್ಟೋಗ್ರಾಫ್ ನೋಡಿ. ಗರ್ಭಕಂಠ ಎಷ್ಟು ಸೆಂಟಿಮೀಟರ್ ತೆರೆಯಿತು ಎಂಬುದನ್ನು ಗಂಟೆಗಳಿಗೆ ಎದುರಾಗಿ ಗುರುತಿಸುವ ನಕ್ಷೆ ಇದು. ನಮ್ಮ ಆಸ್ಪತ್ರೆಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ನಮೂನೆಯಲ್ಲಿ ಎರಡು ಓರೆಗೆರೆಗಳಿವೆ: ಮೊದಲನೆಯದು ಎಚ್ಚರಿಕೆಯದು, ಅದಕ್ಕೆ 4 ಗಂಟೆ ಬಲಕ್ಕಿರುವುದು ಕ್ರಮ ಕೈಗೊಳ್ಳಬೇಕಾದದ್ದು. ಹೃದಯಬಡಿತದ ಚುಕ್ಕೆಗಳು ಅರ್ಧ ಗಂಟೆಗೊಂದರಂತೆ ಇರಬೇಕು. ನಿಮಿಷಕ್ಕೆ 110ರಿಂದ 160 ಸಹಜ. ಚುಕ್ಕೆಗಳು ಎಲ್ಲಿ ನಿಂತುಹೋಗಿವೆ, ಎಲ್ಲಿ ಕೆಳಗಿಳಿದಿವೆ, ಅದಾದ ಎಷ್ಟು ಹೊತ್ತಿಗೆ ವೈದ್ಯರ ಸಹಿ ಇದೆ ಎಂಬುದನ್ನು ನಿಮ್ಮ ಎರಡನೆಯ ಹೆಜ್ಜೆಯ ಬರಹದೊಂದಿಗೆ ಹೋಲಿಸಿ. ಹನ್ನೆರಡು ಗಂಟೆಗಳ ಚುಕ್ಕೆಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಸಮನಾಗಿದ್ದರೆ ಅದನ್ನು ವಕೀಲರಿಗೆ ತೋರಿಸಿ. ಪಾರ್ಟೋಗ್ರಾಫ್ ಇಲ್ಲವೆಂದು ಉತ್ತರ ಬಂದರೆ ಅದನ್ನು ಬರಹದಲ್ಲಿಯೇ ಪಡೆಯಿರಿ.

ಊರವರನ್ನು ಕರೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಗಲಾಟೆ ಮಾಡುವುದರಿಂದ ಒಂದು ಕಾಗದವೂ ಬರುವುದಿಲ್ಲ. 2009ರ ರಾಜ್ಯ ಕಾಯ್ದೆಯ ಪ್ರಕಾರ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ಅಪರಾಧ; ಆ ಪ್ರಕರಣ ನಿಮ್ಮ ಮೇಲೆ ಬಿದ್ದ ಮೇಲೆ ರಾಜಿಗೆ ಕೂರುವುದೊಂದೇ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ತಜ್ಞರ ಅಭಿಪ್ರಾಯ

ಒಬ್ಬ ಪ್ರಸೂತಿ ತಜ್ಞರು ಮತ್ತು ಒಬ್ಬ ಮಕ್ಕಳ ನರರೋಗ ತಜ್ಞರು ಕಡತವನ್ನು ಓದಿ ಲಿಖಿತ ಅಭಿಪ್ರಾಯ ಕೊಡಬೇಕು. ಅದೇ ಊರಿನವರನ್ನು ಕೇಳಬೇಡಿ. ಹುಬ್ಬಳ್ಳಿಗೋ ಮಿರಜಕ್ಕೋ ಸೊಲ್ಲಾಪುರಕ್ಕೋ ಹೋಗಿ. ಪ್ರತಿ ಪ್ರಕರಣಕ್ಕೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ, ಆದರೆ ಹೆರಿಗೆಯ ಪ್ರಕರಣದಲ್ಲಿ ಅದನ್ನು ನಂಬಿ ಇಳಿಯುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ತಜ್ಞರು ನಿಮಗೆ ವಿರುದ್ಧವಾಗಿ ಹೇಳಿದರೆ ಅದನ್ನೂ ಸಮಾಧಾನದಿಂದ ಕೇಳಿ.

ಐದನೆಯ ಹೆಜ್ಜೆ: ಎಲ್ಲಿ, ಎಷ್ಟರೊಳಗೆ

ಹಣ ಕೊಟ್ಟು ಚಿಕಿತ್ಸೆ ಪಡೆದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ 2 ವರ್ಷದೊಳಗೆ ದೂರು ಸಲ್ಲಿಸಬೇಕು. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು, ಅದು ಆಯೋಗದ ವಿವೇಚನೆಗೆ ಬಿಟ್ಟದ್ದು. 2019ರ ಕಾಯ್ದೆ ಬಂದ ಮೇಲೆ ದೂರುದಾರರು ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೂ ದೂರು ಕೊಡಬಹುದು: ತವರು ಅಥಣಿಯಲ್ಲಿದ್ದು ಹೆರಿಗೆ ಅಲ್ಲಿಯೇ ಆಗಿದ್ದರೂ, ಗಂಡನ ಮನೆ ಇಂಡಿಯಲ್ಲಿದ್ದರೆ ವಿಜಯಪುರದ ಆಯೋಗಕ್ಕೆ ಹೋಗಬಹುದು. ಯಾವ ಹಂತದ ಆಯೋಗ ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಬಿಲ್ಲಿನ ಮೇಲೆ ನಿಂತಿದೆ. ಬಿಲ್ಲು 50 ಲಕ್ಷದವರೆಗೆ ಇದ್ದರೆ ಜಿಲ್ಲೆಯಲ್ಲಿಯೇ ದೂರು, 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ.

ಎಲ್ಲರಿಗೂ ಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ 1995ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಗ್ರಾಹಕ ಕಾಯ್ದೆಯ ಹೊರಗಿದೆ; ಅಲ್ಲಿ ಕೆಲವರಿಂದ ಹಣ ಪಡೆಯುತ್ತಿದ್ದರೆ ಮಾತ್ರ ಉಚಿತ ರೋಗಿಯೂ ಒಳಗೆ ಬರುತ್ತಾರೆ. ಉಳಿದಂತೆ ಸಿವಿಲ್ ನ್ಯಾಯಾಲಯ ಅಥವಾ ಹೈಕೋರ್ಟ್. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ; ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿನ ಹಕ್ಕಿದೆ. ಬಂದ ಪರಿಹಾರದಲ್ಲಿ ಪಾಲು ಕೇಳುವವರ ಹತ್ತಿರ ಹೋಗಬೇಡಿ, ವಕೀಲರು ಹಾಗೆ ಕೇಳುವುದು ವೃತ್ತಿ ನಿಯಮಕ್ಕೆ ವಿರುದ್ಧ.

ಆರನೆಯ ಹೆಜ್ಜೆ: ಮೊತ್ತ ಬರೆಯುವುದು

ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯ ಸಿದ್ಧ ನಮೂನೆಯಲ್ಲಿ ‘ಮಾನಸಿಕ ಹಿಂಸೆಗೆ 5 ಲಕ್ಷ’ ಎಂದು ಒಂದು ಸಾಲು ತುಂಬಿ ಕೊಡುವುದನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಈವರೆಗಿನ ಬಿಲ್ಲು, ಮುಂದಿನ ಥೆರಪಿ, ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಧಾರಪಟ್ಟಿ) ಹಾಗೂ ಗಾಲಿಕುರ್ಚಿ, ಮಗುವನ್ನು ನೋಡಿಕೊಳ್ಳಲು ತಾಯಿ ಬಿಟ್ಟ ಕೂಲಿ, ಪ್ರಯಾಣ, ಬೆಲೆ ಏರಿಕೆ ಎಲ್ಲವನ್ನೂ ಬೇರೆ ಬೇರೆ ಲೆಕ್ಕ ಹಾಕಿ. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮೊದಲು ಹುಟ್ಟಿ ದೃಷ್ಟಿ ಕಳೆದುಕೊಂಡ ಬಾಲಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ 1.8 ಕೋಟಿ ರೂಪಾಯಿ ಕೊಡಿಸಿದಾಗ ಮುಂದಿನ ವರ್ಷಗಳ ವೆಚ್ಚದ ಮೇಲಿನ ಹಣದುಬ್ಬರವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಮಗುವೂ ತಂದೆತಾಯಿಯೂ ಇಬ್ಬರೂ ಗ್ರಾಹಕರೇ ಎಂದು 1998ರ ತೀರ್ಪು ಹೇಳುವುದರಿಂದ ಎರಡೂ ಕಡೆಯ ನಷ್ಟವನ್ನು ಪ್ರತ್ಯೇಕವಾಗಿ ಕೇಳಿ. ತಾಯಿಗೆ ಫಿಸ್ಟುಲಾ ಆಗಿ ಮೂತ್ರ ಸೋರುತ್ತಿದ್ದರೆ ನಾಚಿಕೆಯಿಂದ ಅದನ್ನು ಮುಚ್ಚಿಡಬಾರದು. ತಡವಾದ ಹೆರಿಗೆಯಿಂದ ಆಗುವ ಗಾಯ ಅದು, ಅದಕ್ಕೆ ಶಸ್ತ್ರಚಿಕಿತ್ಸೆಯೂ ಇದೆ, ದೂರಿನಲ್ಲಿ ಅದಕ್ಕೊಂದು ಬೇರೆ ಪ್ಯಾರಾ ಇರಲಿ.

ಮಗುವಿಗೆ ಬರುವ ಹಣವನ್ನು ಅದರ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬಡ್ಡಿಯನ್ನು ಚಿಕಿತ್ಸೆಗಾಗಿ ತಾಯಿಯ ಖಾತೆಗೆ ಜಮಾ ಮಾಡುವಂತೆ ಆದೇಶಿಸಬೇಕೆಂಬ ಕೋರಿಕೆಯನ್ನು ದೂರಿನ ಕೊನೆಯಲ್ಲಿ ಬರೆಯಿಸಿ, ಅದರ ಕೆಳಗೆ ಸಹಿ ಮಾಡಿ.