ಗೊಂಬೆ ಕೂರಿಸಲು ಮನೆಯ ಹಳೇ ಸಾಮಾನೇ ಸಾಕು

ದಸರಾ ಹತ್ತಿರವಾದಂತೆ ಮೈಸೂರಿನ ಮನೆಗಳಲ್ಲಿ ಪಟ್ಟದ ಗೊಂಬೆಗಳು ಅಟ್ಟದಿಂದ ಇಳಿಯುತ್ತವೆ. ಪರದಾಟವೆಲ್ಲ ಅವನ್ನು ಕೂರಿಸುವ ಮೆಟ್ಟಿಲಿಗೆ. ಅದಕ್ಕೆಂದು ಸ್ಟ್ಯಾಂಡು, ಥರ್ಮಾಕೋಲ್ ಮಂಟಪ ಕೊಳ್ಳಬೇಕಿಲ್ಲ. ಪಾಡ್ಯಕ್ಕೆ ಒಂದು ವಾರ ಮುಂಚೆ ಕೆಲಸ ಶುರು ಮಾಡಿ. ಗೊಂಬೆಗಳ ಜೊತೆ ಇಡುವ ಪುಟ್ಟ ತೋಟದ ಪೈರಿಗೆ ಅಷ್ಟು ದಿನ ಬೇಕೇ ಬೇಕು.

ಮೆಟ್ಟಿಲು

ಮೆಟ್ಟಿಲುಗಳು ಬೆಸ ಸಂಖ್ಯೆಯಲ್ಲಿರುವುದು ರೂಢಿ. ಚಿಕ್ಕ ಹಜಾರಕ್ಕೆ ಮೂರು ಸಾಕು. ಅಗಲ 45 ಇಂಚು, ಪ್ರತಿ ಮೆಟ್ಟಿಲ ಎತ್ತರ 10 ಇಂಚು, ಆಳ 10 ಇಂಚು. ಊಟದ ಮೇಜು ಸಾಮಾನ್ಯವಾಗಿ 30 ಇಂಚು ಎತ್ತರವಿರುತ್ತದೆ. ಗೋಡೆಗೆ ಒತ್ತರಿಸಿದರೆ ಅದೇ ಮೇಲಿನ ಮೆಟ್ಟಿಲು. ಅದರ ಮುಂದೆ ಬೆಂಚು ಅಥವಾ ಟ್ರಂಕು ಇಟ್ಟು, 20 ಇಂಚಿಗೆ ಎಷ್ಟು ಕಡಿಮೆಯೋ ಅಷ್ಟು ಹಳೇ ಪತ್ರಿಕೆ ಹಾಸಿ. ಕೆಳಗಿನದಕ್ಕೆ ರಟ್ಟಿನ ಪೆಟ್ಟಿಗೆಗಳು.

ಕೈಕೊಡುವುದು ಈ ಪೆಟ್ಟಿಗೆಗಳೇ. ಖಾಲಿ ಪೆಟ್ಟಿಗೆಯ ನಡುಭಾಗ ಎರಡೇ ದಿನದಲ್ಲಿ ಕುಸಿದು ಗೊಂಬೆ ವಾಲುತ್ತದೆ. ಪತ್ರಿಕೆಗಳನ್ನು ಕಟ್ಟುಕಟ್ಟಾಗಿ ಹುರಿಯಿಂದ ಬಿಗಿದು, ಮುಚ್ಚಳದವರೆಗೂ ಸಂದಿಲ್ಲದಂತೆ ತುಂಬಿ. ರಟ್ಟಿನ ಒಳಪದರದ ಗೆರೆಗಳು ಮೇಲಿಂದ ಕೆಳಕ್ಕೆ ನಿಂತಿರಬೇಕು. ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿದರೆ ಗೆರೆಗಳೂ ಅಡ್ಡವಾಗಿ, ಭಾರ ಹೊರುವ ಶಕ್ತಿ ಕುಗ್ಗುತ್ತದೆ. ಪೆಟ್ಟಿಗೆಗಳ ಮೇಲೆ ಹಳೇ ಕಪಾಟಿನ ಹಲಗೆ ಹಾಸಿ, ಐದು ಕೆ.ಜಿ. ಅಕ್ಕಿ ಚೀಲವನ್ನು ಒಂದು ರಾತ್ರಿ ಇಡಿ. ಬೆಳಿಗ್ಗೆ ತಗ್ಗಿದ್ದರೆ ಇನ್ನಷ್ಟು ಪತ್ರಿಕೆ ತುರುಕಿ.

ಹೊದಿಕೆಗೆ ನಾಲ್ಕು ಮೊಳದ ಬಿಳಿ ಪಂಚೆ ಸಾಕು. ಅದನ್ನು ಬಿಗಿಯಾಗಿ ಎಳೆಯಬೇಡಿ. ಎಳೆದರೆ ಮೆಟ್ಟಿಲ ಒಳಮೂಲೆಯಲ್ಲಿ ಬಟ್ಟೆ ಮೇಲೆದ್ದು ಇಳಿಜಾರಾಗಿ, ಹಿಂದಿನ ಸಾಲಿನ ಗೊಂಬೆ ಮುಂದಕ್ಕೆ ಜಾರುತ್ತದೆ. ಪ್ರತಿ ಒಳಮೂಲೆಗೂ ಸುರುಳಿ ಸುತ್ತಿದ ಪತ್ರಿಕೆಯೊಂದನ್ನು ಒತ್ತಿಟ್ಟರೆ ಬಟ್ಟೆ ಅಲ್ಲೇ ನಿಲ್ಲುತ್ತದೆ.

ರಾಜ-ರಾಣಿ ಮೇಲಿನ ಮೆಟ್ಟಿಲಿಗೆ. ಕೆಳಗೆ 10 ಇಂಚಿಗಿಂತ ಎತ್ತರದ ಗೊಂಬೆ ಇಟ್ಟರೆ ಹಿಂದಿನದು ಮರೆಯಾಗುತ್ತದೆ. ಚನ್ನಪಟ್ಟಣದ ಪುಟ್ಟ ಗೊಂಬೆಗಳು ಇಲ್ಲಿಗೆ ಹೇಳಿ ಮಾಡಿಸಿದಂತಿರುತ್ತವೆ.

ತೋರಣ

ರೇಷ್ಮೆ ಸೀರೆಯ ಒಡಲು ಪಿಸಿದರೂ ಅಂಚು ಗಟ್ಟಿಯಾಗಿರುತ್ತದೆ; ತೋರಣಕ್ಕೆ ಅದೇ ಸಾಕು. ಆದರೆ ಅಸಲಿ ಜರಿಗೆ ಒಳ್ಳೆಯ ಬೆಲೆಯಿದೆ; ಕತ್ತರಿ ಹಾಕುವ ಮುನ್ನ ಬಲ್ಲವರಿಗೆ ತೋರಿಸಿ. ಮದುವೆಯ ಕರೆಯೋಲೆಗಳಿಂದ 6 ಇಂಚು ಉದ್ದ, 2 ಇಂಚು ಅಗಲದ ಮಾವಿನೆಲೆಗಳನ್ನು ಕತ್ತರಿಸಿ. ಮೂರು ಅಡಿ ಬಾಗಿಲಿಗೆ 15 ಎಲೆ ಸರಿಹೋಗುತ್ತವೆ. ಬಟ್ಟೆಯನ್ನು ಎಲೆಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಅಂಚನ್ನು ಹಿಂದಕ್ಕೆ ಮಡಚಿ ಅಂಟಿಸಿ. ಗೋಂದನ್ನು ಹಿಂಬದಿಗಷ್ಟೇ ಹಚ್ಚಿ; ಮುಂಬದಿಗೆ ಹಚ್ಚಿದರೆ ರೇಷ್ಮೆಯ ಮೇಲೆ ಕಲೆ ಮೂಡುತ್ತದೆ. ಸೀರೆಯ ಹಳೇ ಮಡಿಕೆಯ ಗೆರೆ ಬಂದ ಭಾಗವನ್ನು ಬಿಟ್ಟುಬಿಡಿ, ಜರಿ ಅಲ್ಲೇ ಮುರಿಯುವುದು. ಎಲೆಗಳನ್ನು ಸೆಣಬಿನ ಹುರಿಗೆ ಹೊಲಿದರೆ ಮುಗಿಯಿತು.

ತೋಟ

ಅಂಚಿರುವ ಹಳೇ ತಟ್ಟೆಗೆ ತಳದಲ್ಲಿ ನಾಲ್ಕೈದು ತೂತು ಕೊರೆದು ಒಂದು ಇಂಚು ಮಣ್ಣು ತುಂಬಿ, ಅಡಿಗೆ ಇನ್ನೊಂದು ತಟ್ಟೆ ಇಡಿ. ಒಂದು ಹಿಡಿ ರಾಗಿಯನ್ನು ಎಂಟು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ರಾತ್ರಿಯಿಡೀ ಕಟ್ಟಿಟ್ಟು, ಒತ್ತೊತ್ತಾಗಿ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ನೀರನ್ನು ಚಿಮುಕಿಸಬೇಕು, ಸುರಿಯಬಾರದು. ಮೊಳಕೆ ಕಂಡ ಕೂಡಲೇ ಕಿಟಕಿಯ ಬಳಿ ಇಡಿ. ಮುಚ್ಚಿಯೇ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಪೈರು ಬಿಳಿಚಿ ಬಾಗಿ ಬೀಳುತ್ತದೆ. ಪಾಡ್ಯದಂದೇ ಇನ್ನೊಂದು ತಟ್ಟೆಗೆ ಬಿತ್ತಿಟ್ಟರೆ, ಮೊದಲನೆಯದು ಹಳದಿಯಾದಾಗ ಬದಲಿಸಲು ಹಸಿರು ಸಿದ್ಧವಿರುತ್ತದೆ.

ತೋಟದ ಕೆರೆಗೆ ಹಳೇ ಕನ್ನಡಿ. ಅದರ ಅಂಚು ಮುಚ್ಚಲು ಒಣ ಮರಳನ್ನೇ ಬಳಸಿ; ಒದ್ದೆ ಮರಳಿನ ತೇವ ತಾಗಿದರೆ ಹಿಂಬದಿಯ ಲೇಪ ಕಪ್ಪಾಗುತ್ತದೆ.

ಬಟ್ಟೆ, ಕಾಗದ ಇಷ್ಟೊಂದು ಇರುವುದರಿಂದ ಎಣ್ಣೆದೀಪ ಮೆಟ್ಟಿಲ ಮೇಲೆ ಬೇಡವೇ ಬೇಡ. ಮೂರು ಅಡಿ ದೂರದಲ್ಲಿ, ನೆಲದ ಮೇಲೆ ಸ್ಟೀಲ್ ತಟ್ಟೆಯಲ್ಲಿಡಿ.

ಹಬ್ಬ ಮುಗಿದ ಮೇಲೆ ಪತ್ರಿಕೆಗಳನ್ನು ರದ್ದಿಗೆ ಹಾಕಬಹುದು. ತೋರಣವನ್ನು ಮಡಚದೆ, ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬದಲ್ಲಿಡಿ. ನುಸಿಗುಳಿಗೆ ಜರಿಗೆ ನೇರವಾಗಿ ತಾಗದಿರಲಿ, ತಾಗಿದರೆ ಅದರ ಹೊಳಪು ಹೋಗುತ್ತದೆ.